ಮೂಗಿಗೆ ಬಿಟ್ಟ ಮದ್ದು ಗಂಟಲಿಗೆ ಇಳಿಯದಿರಲು

ಮುಂಗಾರು ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ವಿರಾಜಪೇಟೆಯ ನನ್ನ ಔಷಧದಂಗಡಿಗೆ ಮೂಗು ಕಟ್ಟಿದವರ ಸಾಲು ಶುರುವಾಗುತ್ತದೆ. ಗೋಡೆಗೆ ಬೂಷ್ಟು ಹತ್ತಿ, ಕಂಬಳಿ ಒಣಗದೆ, ಒಲೆಯ ಹೊಗೆ ಹೊರಗೆ ಹೋಗಲಾರದೆ ಮನೆಯೊಳಗೇ ಸುತ್ತುವ ಆ ತಿಂಗಳುಗಳಲ್ಲಿ ಮೂಗಿನ ಸ್ಪ್ರೇ ಬಾಟಲಿಗಳು ಕೆಮ್ಮಿನ ಸಿರಪ್ಪಿನಷ್ಟೇ ಖರ್ಚಾಗುತ್ತವೆ. ಅಂಥದೊಂದು ದಿನ ತೋಟದ ಹಿರಿಯರೊಬ್ಬರು ಮುಕ್ಕಾಲು ತುಂಬಿದ್ದ ಬಾಟಲಿಯನ್ನು ಕೌಂಟರಿನ ಮೇಲಿಟ್ಟು, “ಇದರಲ್ಲಿ ಏನೂ ಇಲ್ಲ ಮಾರಾಯ, ಬರೀ ಕಹಿ, ಬೇರೆ ಕಂಪೆನಿಯದು ಕೊಡು” ಎಂದರು. “ಒಮ್ಮೆ ನನ್ನೆದುರೇ ಹಾಕಿಕೊಂಡು ತೋರಿಸಿ ಅಂಕಲ್” ಎಂದೆ. ಅವರು ಬಾಟಲಿಯನ್ನು ಅಲುಗಾಡಿಸಲಿಲ್ಲ. ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಬಲಗೈಯಿಂದಲೇ ಬಲಹೊಳ್ಳೆಗೆ ನಳಿಕೆಯನ್ನು ನೆಟ್ಟಗೆ ತೂರಿಸಿ ಒತ್ತಿದರು. ಅಂಗಡಿಯ ಹೊರಗೆ ಕೊಡೆ ಮಡಚುತ್ತಿದ್ದವರಿಗೂ ಕೇಳುವಷ್ಟು ಜೋರಾಗಿ ಉಸಿರೆಳೆದರು. ಮರುಕ್ಷಣವೇ ಕ್ಯಾಕರಿಸಿ ಮುಖ ಹುಳ್ಳಗೆ ಮಾಡಿಕೊಂಡರು. ಮದ್ದು ಮೂಗನ್ನು ದಾಟಿ ಹೊಟ್ಟೆ ಸೇರಿತ್ತು.

ಅಲ್ಲಿ ಬದಲಾಗಬೇಕಿದ್ದುದು ಕಂಪೆನಿಯಲ್ಲ, ಕೈ ಮತ್ತು ಕತ್ತು. ಮೂಗಿನ ಮದ್ದು ಕೆಲಸ ಮಾಡಲಿಲ್ಲವೆಂದು ಹಿಂದಿರುಗುವವರಲ್ಲಿ ಹೆಚ್ಚಿನವರ ವಿಷಯದಲ್ಲಿ ನಾನು ಕಂಡಿರುವುದು ಇದನ್ನೇ: ಮದ್ದು ಒಳಪೊರೆಯ ಸರಿಯಾದ ಜಾಗಕ್ಕೆ ತಲುಪಿರುವುದಿಲ್ಲ, ಅಥವಾ ತಲುಪಿದರೂ ಅಲ್ಲಿ ನಿಲ್ಲಲು ಅದಕ್ಕೆ ಹೊತ್ತು ಸಿಕ್ಕಿರುವುದಿಲ್ಲ. ಮೂಗಿನ ಒಳಪೊರೆಯಿಂದ ಮದ್ದು ಚೆನ್ನಾಗಿ ಹೀರಿಕೆಯಾಗುವಂತೆ ಬಳಕೆದಾರರು ತಾವೇ ಏನೇನು ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಯಾವ ಮದ್ದು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬುದನ್ನು ಮಾತ್ರ ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ಕಾಲು ಗಂಟೆಯ ಲೆಕ್ಕ

ಕ್ರಮವನ್ನು ಬಾಯಿಪಾಠ ಮಾಡುವುದಕ್ಕಿಂತ ಮೂಗಿನ ಒಳಗೆ ನಡೆಯುವುದೇನೆಂದು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ತಾನಾಗಿ ನೆನಪಿರುತ್ತದೆ. ಎರಡೂ ಹೊಳ್ಳೆಗಳ ಒಳಪೊರೆಯನ್ನು ಬಿಡಿಸಿ ಹರಡಿದರೆ ಅದು ಸುಮಾರು 150 ಚದರ ಸೆಂಟಿಮೀಟರ್, ಅಂದರೆ ಬೆರಳುಗಳೂ ಸೇರಿದ ನಿಮ್ಮ ಒಂದು ಅಂಗೈಯಷ್ಟು ಆಗುತ್ತದೆ. ಅಷ್ಟು ಜಾಗ ಇಷ್ಟು ಸಣ್ಣ ಮೂಗಿನಲ್ಲಿ ಹಿಡಿಸುವುದು, ಪಕ್ಕದ ಗೋಡೆಯಿಂದ ಚಾಚಿಕೊಂಡಿರುವ ಮೂರು ಸುರುಳಿ ಮೂಳೆಗಳ ಮೇಲೆ ಆ ಪೊರೆ ಹೊದೆದುಕೊಂಡಿರುವುದರಿಂದ. ಪೊರೆ ತೆಳು, ಅದರ ಕೆಳಗೆ ರಕ್ತನಾಳಗಳು ದಟ್ಟ. ಆದರೆ ಹೊಳ್ಳೆಯ ಬಾಯಿಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ ಒಂದು ಇಕ್ಕಟ್ಟಾದ ಕಂಡಿಯಿದೆ. ಹೀರಿಕೊಳ್ಳುವ ಪೊರೆಯಿರುವುದು ಅದರ ಆಚೆಗೆ. ಕಂಡಿಯ ಈಚೆಗೆ ಇರುವುದು ಕೂದಲಿರುವ ಚರ್ಮ. ಅಲ್ಲಿ ಬಿದ್ದ ಮದ್ದು ಮೇಲ್ತುಟಿಗೆ ಸೋರಿ ಕರವಸ್ತ್ರ ಸೇರುತ್ತದೆ.

ಪೊರೆಯ ಮೇಲೆ ಲೋಳೆಯ ತೆಳು ಹೊದಿಕೆಯಿದೆ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಒಂದೇ ಲಯದಲ್ಲಿ ಬಡಿಯುತ್ತ ಆ ಲೋಳೆಯನ್ನು ನಿಮಿಷಕ್ಕೆ ಐದಾರು ಮಿಲಿಮೀಟರ್ ವೇಗದಲ್ಲಿ ಗಂಟಲಿನತ್ತ ಸಾಗಿಸುತ್ತಿರುತ್ತವೆ. ಧೂಳು, ಪರಾಗ, ರೋಗಾಣುಗಳನ್ನು ಹೊರಹಾಕಲು ಇರುವ ಏರ್ಪಾಡು ಇದು. ಮದ್ದನ್ನೂ ಧೂಳೆಂದೇ ಭಾವಿಸಿ ಸಾಗಿಸಿಬಿಡುತ್ತದೆ. ಮೂಗಿನಲ್ಲಿ ಸ್ಯಾಕರಿನ್ನಿನ ಸಣ್ಣ ಹರಳನ್ನಿಟ್ಟು ಗಂಟಲಿಗೆ ಸಿಹಿ ತಟ್ಟುವ ಹೊತ್ತನ್ನು ಅಳೆಯುವ ಪರೀಕ್ಷೆಯೊಂದನ್ನು ವೈದ್ಯರು ಮಾಡುವುದುಂಟು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಇಪ್ಪತ್ತು ನಿಮಿಷದೊಳಗೆ ತಿಳಿದುಬಿಡುತ್ತದೆ. ಆದ್ದರಿಂದ ಮದ್ದಿಗೆ ಸಿಗುವ ಅವಕಾಶ ಹೆಚ್ಚೆಂದರೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಕೆಳಗಿನ ಒಂದೊಂದು ಹಂತವೂ ಆ ಕಾಲು ಗಂಟೆ ವ್ಯರ್ಥವಾಗದಂತೆ ನೋಡಿಕೊಳ್ಳುವುದಕ್ಕಾಗಿಯೇ ಇದೆ.

ನುಂಗುವ ಮದ್ದಿಗೂ ಇದಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡವರು ಮೂತ್ರದ ಬಣ್ಣ ಕೆಂಪಾಗಿರುವುದನ್ನು ಕಂಡೇ ಇರುತ್ತಾರೆ. ಹೊಟ್ಟೆಗೆ ಹೋದದ್ದು ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮೂತ್ರಪಿಂಡಕ್ಕೂ ಸಾಗಿತೆಂಬುದಕ್ಕೆ ಅದೇ ಸಾಕ್ಷಿ. ಆ ದಾರಿಯಲ್ಲಿ ಕರುಳಿನಿಂದ ಹೊರಟ ಪ್ರತಿಯೊಂದೂ ಮೊದಲು ಪಿತ್ತಜನಕಾಂಗವನ್ನು ಹಾದುಹೋಗಬೇಕು, ಎಷ್ಟೋ ಮದ್ದುಗಳ ದೊಡ್ಡ ಪಾಲು ಅಲ್ಲಿಯೇ ಒಡೆದುಹೋಗುತ್ತದೆ. ಮೂಗಿನ ಪೊರೆಯಿಂದ ರಕ್ತಕ್ಕೆ ಸೇರಿದ್ದು ಆ ಸುಂಕದ ಕಟ್ಟೆಯನ್ನು ತಪ್ಪಿಸಿಕೊಂಡು ನೇರವಾಗಿ ಮೈಗೆ ಹರಡುತ್ತದೆ. ಗಂಟಲಿಗಿಳಿದ ಸ್ಪ್ರೇ ಮತ್ತೆ ಪಾಯಸದ ದಾರಿಯನ್ನೇ ಹಿಡಿಯುತ್ತದೆ, ಅದೂ ಬಲು ಸಣ್ಣ ಪ್ರಮಾಣದಲ್ಲಿ.

ಮೊದಲನೆಯದು: ನಿಮ್ಮ ಬಾಟಲಿಯ ಮದ್ದು ಎಲ್ಲಿ ಕೆಲಸ ಮಾಡಬೇಕು?

ಮೂಗಿನ ಮದ್ದುಗಳಲ್ಲಿ ಎರಡು ಬಗೆಗಳಿವೆ. ಮೊಮೆಟಾಸೋನ್, ಫ್ಲುಟಿಕಾಸೋನ್ ಮೊದಲಾದ ಸ್ಟೀರಾಯ್ಡ್ ಸ್ಪ್ರೇಗಳು, ಅಜೆಲಾಸ್ಟಿನ್‌ನಂತಹ ಅಲರ್ಜಿಯ ಮದ್ದು, ಕಟ್ಟಿದ ಮೂಗನ್ನು ಬಿಡಿಸುವ ಕ್ಸೈಲೋಮೆಟಾಜೋಲಿನ್ ಹನಿ, ಇವೆಲ್ಲ ಮೂಗಿನಲ್ಲೇ ಕೆಲಸ ಮಾಡಬೇಕಾದವು. ಫಿಟ್ಸ್ ನಿಲ್ಲಿಸುವ ಮಿಡಾಜೋಲಾಮ್, ಅರೆತಲೆನೋವಿನ ಸುಮಾಟ್ರಿಪ್ಟಾನ್, ಮಿತಿಮೀರಿ ಮೂತ್ರ ಹೋಗುವ ಒಂದು ಕಾಯಿಲೆಗೆ ಕೊಡುವ ಡೆಸ್ಮೋಪ್ರೆಸಿನ್, ಇವು ಪೊರೆಯನ್ನು ದಾಟಿ ರಕ್ತ ಸೇರಬೇಕಾದವು.

ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಬಾಟಲಿಯನ್ನು ಹಿಂದಿರುಗಿಸುವವರಿಗೆ ಒಂದು ಮಾತು ಹೇಳಬೇಕು. ಮೊಮೆಟಾಸೋನ್ ಸ್ಪ್ರೇಯ ಒಂದು ಒತ್ತಿನಲ್ಲಿರುವುದು 50 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ಅದರಲ್ಲೂ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಇಲ್ಲಿ ನಮಗೆ ಬೇಕಾದುದು ರಕ್ತಕ್ಕೆ ಹೆಚ್ಚು ಸೇರಿಸುವುದಲ್ಲ, ಪೊರೆಯ ಮೇಲೆ ಹೆಚ್ಚು ಹೊತ್ತು ನಿಲ್ಲಿಸುವುದು. ಈ ಮದ್ದು ಒಂದೇ ದಿನದಲ್ಲಿ ಮೂಗು ತೆರೆಯುವುದಿಲ್ಲ. ದಿನವೂ ಬಿಡದೆ ಹಾಕಿಕೊಂಡರೆ ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಮಳೆಗಾಲದಲ್ಲಿ ಪ್ರತಿವರ್ಷವೂ ಮೂಗು ಕಟ್ಟುವವರು ಜೂನ್ ಬರುವವರೆಗೆ ಕಾಯದೆ ಮೇ ಕೊನೆಯಲ್ಲೇ, ಕಾಫಿ ಕಣದ ಧೂಳು ಆಗದವರು ಡಿಸೆಂಬರಿನ ಕೊಯ್ಲಿಗೆ ಮುಂಚೆಯೇ ವೈದ್ಯರನ್ನು ಕೇಳಿ ಆರಂಭಿಸುವುದು ಒಳ್ಳೆಯದು. ಮೆಣಸು ಬಿಡಿಸುವ ದಿನ ಬೆಳಿಗ್ಗೆ ಮಾತ್ರ ಎರಡು ಸಲ ಒತ್ತಿಕೊಂಡು ಹೋಗುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ಎರಡನೆಯದು: ಮೂಗನ್ನು ಅಣಿಗೊಳಿಸುವುದು

ಸಿಂಬಳ ತುಂಬಿದ ಮೂಗಿಗೆ ಮದ್ದು ಬಿಡುವುದು ಪಾಚಿ ಹಿಡಿದ ಗೋಡೆಗೆ ಸುಣ್ಣ ಬಳಿದಂತೆ. ಪದರದ ಮೇಲೆ ಕುಳಿತದ್ದು ಪದರದ ಜೊತೆಗೇ ಉದುರುತ್ತದೆ. ಮೊದಲು ಒಂದೊಂದೇ ಹೊಳ್ಳೆಯನ್ನು ಮುಚ್ಚಿಕೊಂಡು ಮೆಲ್ಲಗೆ ಸೀದಬೇಕು. ಎರಡೂ ಹೊಳ್ಳೆ ಒಟ್ಟಿಗೆ ಹಿಡಿದು ಜೋರಾಗಿ ಸೀದಿದರೆ ಕಿವಿಗೆ ಒತ್ತಡ ಬೀಳುತ್ತದೆ.

ಯಾವ ಹೊಳ್ಳೆ ಎಷ್ಟು ತೆರೆದಿದೆ ಎಂದು ನೋಡಲು ನಾನು ಅಂಗಡಿಯಲ್ಲಿ ಒಂದು ಸಣ್ಣ ಸ್ಟೀಲ್ ತಟ್ಟೆಯನ್ನು ಇಟ್ಟುಕೊಂಡಿದ್ದೇನೆ. ತಣ್ಣಗಿರುವ ತಟ್ಟೆಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ಮೂಗಿನಿಂದ ಉಸಿರು ಬಿಟ್ಟರೆ ಎರಡು ಮಬ್ಬು ಮಚ್ಚೆಗಳು ಮೂಡುತ್ತವೆ. ಕಟ್ಟಿದ ಕಡೆಯದು ಚಿಕ್ಕದಾಗಿ ಮೂಡಿ ಬೇಗ ಆರಿಹೋಗುತ್ತದೆ. ಎರಡೂ ಸಮನಾಗಿಲ್ಲವೆಂದು ಗಾಬರಿಯಾಗಬೇಕಿಲ್ಲ, ಆರೋಗ್ಯವಂತರ ಮೂಗಿನಲ್ಲೂ ಒಂದು ಹೊಳ್ಳೆ ಕೆಲವು ಗಂಟೆ ಬಿಗಿಯಾಗಿದ್ದು ಆಮೇಲೆ ಇನ್ನೊಂದಕ್ಕೆ ಸರದಿ ಬಿಟ್ಟುಕೊಡುತ್ತದೆ. ಆದರೆ ಒಂದು ಕಡೆ ಮಬ್ಬೇ ಮೂಡದಿದ್ದರೆ ಆ ಹೊಳ್ಳೆಗೆ ಸ್ಪ್ರೇ ಹಾಕುವುದು ಸದ್ಯಕ್ಕೆ ವ್ಯರ್ಥ, ಮೊದಲು ಅದನ್ನು ಬಿಡಿಸಬೇಕು.

ಬಿಡಿಸಲು ಅತ್ಯಂತ ನಿರಪಾಯದ ಉಪಾಯ ಉಪ್ಪುನೀರು. ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಮುಕ್ಕಾಲು ಟೀ ಚಮಚ ಪುಡಿ ಉಪ್ಪು, ಅಂದರೆ ಸುಮಾರು ನಾಲ್ಕೂವರೆ ಗ್ರಾಂ, ಬೆರೆಸಿದರೆ ಅದು ನಮ್ಮ ಮೈಯ ದ್ರವಗಳಷ್ಟೇ ಉಪ್ಪಾಗಿರುತ್ತದೆ. ಉಪ್ಪು ತೀರ ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. ಇಲ್ಲಿ ನೀರಿನ ಮಾತನ್ನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ನಮ್ಮಲ್ಲಿ ಬಾವಿಯ ನೀರು, ಗುಡ್ಡದ ಊಟೆಯಿಂದ ಪೈಪಿನಲ್ಲಿ ಬರುವ ನೀರು ಕನ್ನಡಿಯಂತೆ ತಿಳಿಯಾಗಿರುತ್ತವೆ, ಕುಡಿದರೂ ಏನೂ ಆಗುವುದಿಲ್ಲ. ಅದೇ ಭರವಸೆಯಿಂದ ಜನ ಅದನ್ನು ಹಾಗೆಯೇ ಮೂಗಿಗೂ ಏರಿಸುತ್ತಾರೆ. ನೇಗ್ಲೇರಿಯಾ ಫೌಲರಿ ಎಂಬ ಅಮೀಬಾ ಹೊಟ್ಟೆಗೆ ಹೋದರೆ ತೊಂದರೆ ಕೊಡುವುದಿಲ್ಲ, ಮೂಗಿನ ಮೇಲ್ಭಾಗ ತಲುಪಿದರೆ ವಾಸನೆಯ ನರದ ದಾರಿ ಹಿಡಿದು ಮಿದುಳಿಗೆ ಏರುತ್ತದೆ. ಆ ಸೋಂಕು ಬಲು ಅಪರೂಪವಾದರೂ ತಗುಲಿದವರಲ್ಲಿ ಬದುಕಿ ಉಳಿಯುವವರು ಕಡಿಮೆ. ನಮ್ಮ ಗಡಿಯಾಚೆಯ ಕೇರಳದಲ್ಲಿ 2024ರಲ್ಲಿ ಮಕ್ಕಳು ಸಹ ಇದರಿಂದ ತೀರಿಕೊಂಡಿದ್ದಾರೆ. ಆದ್ದರಿಂದ ಮೂಗಿಗೆ ಬಿಡುವ ನೀರನ್ನು ತಪ್ಪದೆ ಕುದಿಸಿ ಆರಿಸಿರಬೇಕು. ಗುಳ್ಳೆಯೆದ್ದು ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿದರೆ ಸಾಕೆಂಬುದು ನಿಯಮ. 2,000 ಮೀಟರಿಗೂ ಎತ್ತರದ ಊರುಗಳಲ್ಲಿ ಮೂರು ನಿಮಿಷ ಬೇಕೆನ್ನುತ್ತಾರೆ. ಕೊಡಗಿನ ಅತ್ಯುನ್ನತ ಶಿಖರ ತಡಿಯಂಡಮೋಳು ಸಹ 1,748 ಮೀಟರ್ ಆಗಿರುವುದರಿಂದ ಒಂದು ನಿಮಿಷದ ನಿಯಮ ನಮಗೆಲ್ಲ ಸಲ್ಲುತ್ತದೆ. ಸಾಮಾನ್ಯ ಫಿಲ್ಟರಿನಿಂದ ಹಿಡಿದ ನೀರನ್ನು ಕುದಿಸಿದ ನೀರಿಗೆ ಸಮವೆಂದು ಎಣಿಸಬೇಡಿ. ಬೆಚ್ಚಗಿರುವಾಗ ಬಳಸಿ, ಉಳಿದದ್ದನ್ನು ಮರುದಿನಕ್ಕೆ ಇಡದೆ ಚೆಲ್ಲಿಬಿಡಿ.

ಉಪ್ಪುನೀರಿನಿಂದ ತೊಳೆದ ಕೂಡಲೇ ಮದ್ದು ಹಾಕಬಾರದು. ಒಳಗೆ ನಿಂತ ನೀರು ಮದ್ದನ್ನು ತೆಳುವಾಗಿಸಿ ಹರಿಸಿಕೊಂಡು ಹೋಗುತ್ತದೆ. ಮುಂದಕ್ಕೆ ಬಾಗಿ ನೀರಿಳಿಸಿ, ಮೆಲ್ಲಗೆ ಸೀದಿ, ಹತ್ತು ನಿಮಿಷ ಬಿಟ್ಟು ಮುಂದಿನ ಹಂತಕ್ಕೆ ಹೋಗಬೇಕು.

ಉಪ್ಪುನೀರಿಗೂ ಬಗ್ಗದಷ್ಟು ಮೂಗು ಕಟ್ಟಿದ್ದರೆ ವೈದ್ಯರು ಮೊದಲ ಕೆಲವು ದಿನ ಕ್ಸೈಲೋಮೆಟಾಜೋಲಿನ್ ಹನಿ ಬರೆದುಕೊಡುತ್ತಾರೆ. ಅದನ್ನು ಹಾಕಿ ಐದು ಹತ್ತು ನಿಮಿಷ ಕಾದರೆ ಊದಿದ ಪೊರೆ ಕುಗ್ಗಿ ದಾರಿ ಬಿಡುತ್ತದೆ, ಆಮೇಲೆ ಸ್ಟೀರಾಯ್ಡ್ ಸ್ಪ್ರೇ ಒಳಗಿನವರೆಗೆ ತಲುಪುತ್ತದೆ. ದೊಡ್ಡವರಿಗೆ ಇರುವುದು ಶೇಕಡಾ 0.1ರದು, ಮಕ್ಕಳದು 0.05ರದು; ಮನೆಯಲ್ಲಿ ಒಂದೇ ಬಾಟಲಿಯನ್ನು ಎಲ್ಲರೂ ಬಳಸುವುದು ತಪ್ಪು. ಈ ಹನಿಯ ಸುಖಕ್ಕೆ ಒಗ್ಗಿಕೊಂಡು ತಿಂಗಳುಗಟ್ಟಲೆ ಹಾಕಿಕೊಳ್ಳುವವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟತೊಡಗುತ್ತದೆ, ಅದನ್ನು ಬಿಡಿಸಲು ಮತ್ತೆ ಅದೇ ಹನಿ ಬೇಕಾಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ ಇರುವವರು ಅಂಗಡಿಯಿಂದ ನೇರವಾಗಿ ಇದನ್ನು ಕೊಳ್ಳಬಾರದು.

ಮೂರನೆಯದು: ಬಾಟಲಿಯನ್ನು ಅಣಿಗೊಳಿಸುವುದು

ಅಂಗಡಿ ತೆರೆದ ಹೊಸತರಲ್ಲಿ ನಾನೇ ಮಾಡಿದ ತಪ್ಪೊಂದು ಇದೆ. ಹೊಸ ಬಾಟಲಿಯನ್ನು ಕಾಗದದ ಪೊಟ್ಟಣದಲ್ಲಿ ಸುತ್ತಿಕೊಟ್ಟು ದಿನಕ್ಕೊಮ್ಮೆ ಎರಡೆರಡು ಒತ್ತು ಎಂದಷ್ಟೇ ಹೇಳಿ ಕಳುಹಿಸಿದ್ದೆ. ಕೊಂಡ ಹೆಂಗಸು ಐದು ದಿನ ಬಿಟ್ಟು ಬಂದು, ಒತ್ತಿದರೆ ಗಾಳಿ ಬರುತ್ತದೆ, ಬಾಟಲಿ ಖಾಲಿಯಿದೆ ಎಂದರು. ಪಂಪಿನ ಸಣ್ಣ ಕೊಳವೆಯಲ್ಲಿ ಮೊದಲಿಗೆ ಇರುವುದು ಗಾಳಿಯೇ. ಬಾವಿಯ ಕೈಪಂಪಿಗೆ ಮೊದಲು ನಾಲ್ಕು ಸಲ ಬಡಿದು ನೀರು ಏರಿಸುವಂತೆ ಇದನ್ನೂ ಗಾಳಿಗೆ ಹಿಡಿದು ಒತ್ತಿ ಮದ್ದನ್ನು ಏರಿಸಿಕೊಳ್ಳಬೇಕು. ಎಷ್ಟು ಸಲ ಎಂಬುದು ಬಾಟಲಿಯಿಂದ ಬಾಟಲಿಗೆ ಬೇರೆಯಾಗುವುದರಿಂದ ಒಳಗಿನ ಚೀಟಿಯನ್ನು ಓದಬೇಕು; ಆರು ಅಥವಾ ಹತ್ತು ಸಲ ಎಂದಿರುವುದು ಸಾಮಾನ್ಯ. ಹಲವು ದಿನ ಬಳಸದೆ ಇಟ್ಟಿದ್ದರೆ ಮತ್ತೆ ಒಂದೆರಡು ಸಲ ಒತ್ತಿ ನೋಡಬೇಕು.

ಸರಿಯಾಗಿ ಏರಿದೆಯೇ ಎಂದು ತಿಳಿಯಲು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಗೇಣುದ್ದ ದೂರದಿಂದ ಒಮ್ಮೆ ಒತ್ತಿ. ಮಡಿಕೇರಿಯ ಬೆಳಗಿನ ಮಂಜಿನಂತೆ ನುಣ್ಣಗೆ ಹರಡಿ ದುಂಡಗಿನ ತೇವದ ಮಚ್ಚೆ ಮೂಡಿದರೆ ಸರಿ. ಪಿಚಕಾರಿಯಂತೆ ಒಂದೇ ಧಾರೆಯಾಗಿ ಬಿದ್ದು ಕೆಳಗೆ ಸೋರಿದರೆ ನಳಿಕೆಯ ತುದಿ ಕಟ್ಟಿದೆ ಎಂದರ್ಥ. ಸ್ಟೀರಾಯ್ಡ್ ಸ್ಪ್ರೇಗಳಲ್ಲಿ ಮದ್ದು ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಆದ್ದರಿಂದ ಪ್ರತಿಸಲವೂ ಅಲುಗಾಡಿಸಲೇಬೇಕು, ಇಲ್ಲವಾದರೆ ಒಂದು ಸಲ ಬರೀ ನೀರೂ ಇನ್ನೊಂದು ಸಲ ಗಟ್ಟಿ ಮದ್ದೂ ಬರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಾಟಲಿಯನ್ನು ಎರಡು ನಿಮಿಷ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಒಳ್ಳೆಯದು. ತಣ್ಣನೆಯ ದ್ರವ ತಾಗಿ ಸೀನು ಬಂದರೆ ಮದ್ದೆಲ್ಲ ಹೊರಗೆ.

ನಾಲ್ಕನೆಯದು: ಕತ್ತು, ಕೈ ಮತ್ತು ಉಸಿರು

ಕುಳಿತುಕೊಂಡೋ ನಿಂತುಕೊಂಡೋ ತಲೆಯನ್ನು ತುಸು ಮುಂದಕ್ಕೆ, ಕಾಲಿನ ಹೆಬ್ಬೆರಳು ಕಾಣುವಷ್ಟು ಬಾಗಿಸಬೇಕು. ಹಿಂದಕ್ಕೆ ಚೆಲ್ಲಿದರೆ ಮೂಗಿನ ನೆಲ ಇಳಿಜಾರಾಗಿ ಮದ್ದು ನೇರ ಗಂಟಲಿಗೆ ಜಾರುತ್ತದೆ. ಎಡಹೊಳ್ಳೆಗೆ ಬಲಗೈ, ಬಲಹೊಳ್ಳೆಗೆ ಎಡಗೈ, ಈ ಒಂದು ಮಾತನ್ನು ಮಾತ್ರ ಮರೆಯಬೇಡಿ. ಕೈಯನ್ನು ಅಡ್ಡ ತಂದಾಗ ನಳಿಕೆ ತಾನಾಗಿಯೇ ಹೊರಗಿನ ಗೋಡೆಯತ್ತ, ಆ ಕಡೆಯ ಕಿವಿಯ ಕಡೆಗೆ ಮುಖ ಮಾಡುತ್ತದೆ; ಹೀರಿಕೊಳ್ಳುವ ಸುರುಳಿ ಮೂಳೆಗಳಿರುವುದು ಆ ಗೋಡೆಯಲ್ಲೇ. ಅದೇ ಕಡೆಯ ಕೈಯಿಂದ ಒತ್ತಿದಾಗ ನಳಿಕೆ ನಡುಗೋಡೆಗೆ ಗುರಿಯಾಗುತ್ತದೆ. ನಡುಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಮೂಗಿನಿಂದ ರಕ್ತ ಬರುವುದು ಬಹುಪಾಲು ಅಲ್ಲಿಂದಲೇ. ದಿನವೂ ಅದೇ ಜಾಗಕ್ಕೆ ಸ್ಟೀರಾಯ್ಡ್ ಹೊಡೆಯುತ್ತಿದ್ದರೆ ಪೊರೆ ಒಣಗಿ ಬಿರುಕುಬಿಡುತ್ತದೆ.

ನಳಿಕೆಯ ತುದಿಯನ್ನು ಹೊಳ್ಳೆಯ ಒಳಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಇಡಿ, ಪೊರೆಗೆ ತಾಗಿಸಬೇಡಿ. ಒಂದೇ ಸಲಕ್ಕೆ ದೃಢವಾಗಿ, ಪೂರ್ತಿ ಒತ್ತಿ. ಮೆಲ್ಲಗೆ ಅರ್ಧ ಒತ್ತಿದರೆ ಮಂಜಾಗದೆ ಹನಿಯಾಗಿ ಬೀಳುತ್ತದೆ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟು ಹಗುರವಾಗಿ ಉಸಿರೆಳೆಯಿರಿ, ಬಾಯಿಯಿಂದ ಬಿಡಿ. ಏಪ್ರಿಲಿನ ಹೂಮಳೆ ಬಿದ್ದ ವಾರದಲ್ಲಿ ಕಾಫಿ ಹೂವಿನ ಕಂಪು ತಾನಾಗಿ ಮೂಗಿಗೆ ಬರುವಾಗ ನಾವು ಎಷ್ಟು ಉಸಿರೆಳೆಯುತ್ತೇವೆಯೋ ಅಷ್ಟು ಸಾಕು. ವೈದ್ಯರು ಎರಡೆರಡು ಒತ್ತು ಎಂದಿದ್ದರೆ ಒಂದೇ ಹೊಳ್ಳೆಗೆ ಎರಡನ್ನೂ ಒಂದರ ಹಿಂದೊಂದು ಹೊಡೆಯದೆ, ಎರಡೂ ಹೊಳ್ಳೆಗೆ ಒಂದೊಂದು ಹಾಕಿ, ಸ್ವಲ್ಪ ತಡೆದು, ಎರಡನೆಯದನ್ನು ಕೋನವನ್ನು ತುಸು ಬದಲಿಸಿ ಹಾಕುವುದು ಮೇಲು. ಒಂದು ಒತ್ತಿನಲ್ಲಿ ಸಾಮಾನ್ಯವಾಗಿ 0.1 ಮಿಲಿಲೀಟರ್, ಅಂದರೆ ಎರಡು ಹನಿಯಷ್ಟು ದ್ರವವಿರುತ್ತದೆ. ಒಂದು ಹೊಳ್ಳೆ ಸೋರದೆ ಹಿಡಿದುಕೊಳ್ಳುವುದು ಅದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಬೇಗ ಗುಣವಾಗಲೆಂದು ನಾಲ್ಕು ಸಲ ಒತ್ತಿದರೆ ಮೇಲಿನ ಎರಡು ಹೊಟ್ಟೆಗೇ ಹೋಗುತ್ತವೆ.

ಆಮೇಲಿನ ಕಾಲು ಗಂಟೆ ಸೀದಬಾರದು, ಮೂಗು ತಿಕ್ಕಬಾರದು, ಮಲಗಬಾರದು, ಬಿಸಿ ಕಾಫಿಯ ಮೇಲೆ ಮುಖವಿಟ್ಟು ಹಬೆ ಎಳೆಯಬಾರದು. ತುದಿಯಲ್ಲಿ ಒಂದು ಹನಿ ಹೊರಬಂದರೆ ಒರೆಸಿಕೊಂಡರೆ ಸಾಕು. ಗಂಟಲಿಗೆ ಕಹಿ ತಟ್ಟಿತೆಂದರೆ ತಲೆ ಹಿಂದಕ್ಕೆ ಹೋಗಿತ್ತು ಅಥವಾ ಉಸಿರು ಜೋರಾಗಿತ್ತು ಎಂದು ತಿಳಿದು ಮರುದಿನ ತಿದ್ದಿಕೊಳ್ಳಿ; ಹೋಯಿತೆಂದು ಆಗಲೇ ಇನ್ನೊಂದು ಒತ್ತು ಹಾಕಿಕೊಳ್ಳಬೇಡಿ.

ಹನಿಗಳ ಕ್ರಮ ಮಾತ್ರ ಇದಕ್ಕೆ ತಿರುಗುಮುರುಗು. ಹನಿ ಮಂಜಾಗಿ ಹರಡುವುದಿಲ್ಲ, ತನ್ನ ಭಾರದಿಂದ ಇಳಿಯಬೇಕು. ಅದಕ್ಕಾಗಿ ಮಂಚದ ಮೇಲೆ ಅಂಗಾತ ಮಲಗಿ, ಹೆಗಲ ಕೆಳಗೆ ದಿಂಬಿಟ್ಟು ತಲೆಯನ್ನು ಹಿಂದಕ್ಕೆ ಇಳಿಬಿಟ್ಟು ಹನಿ ಹಾಕಿಸಿಕೊಂಡು ಒಂದೆರಡು ನಿಮಿಷ ಹಾಗೆಯೇ ಇರಬೇಕು. 2023ರ ಜನವರಿ 26ರಂದು ಬಿಡುಗಡೆಯಾದ ಭಾರತ್ ಬಯೋಟೆಕ್‌ನ ಮೂಗಿನ ಕೋವಿಡ್ ಲಸಿಕೆಯನ್ನು ಪ್ರತಿ ಹೊಳ್ಳೆಗೆ ನಾಲ್ಕು ಹನಿಯಂತೆ ಕೊಡುತ್ತಿದ್ದುದು ಇಂಥ ಹನಿಯಾಗಿಯೇ.

ಫಿಟ್ಸ್‌ಗೆಂದು ಕೊಟ್ಟ ಸ್ಪ್ರೇ

ಈ ಭಾಗವನ್ನು ಮನೆಯಲ್ಲಿ ಅಂಥ ಮಗುವಿರುವವರು ಎರಡು ಸಲ ಓದಬೇಕೆಂದು ಬೇಡಿಕೊಳ್ಳುತ್ತೇನೆ. ಕರಿಕೆಯಲ್ಲೋ ಭಾಗಮಂಡಲದ ಆಚೆಯ ಒಂಟಿಮನೆಯಲ್ಲೋ ತೋಟದ ಲೈನ್‌ಮನೆಯಲ್ಲೋ ಇರುವವರಿಗೆ ಜುಲೈ ತಿಂಗಳಲ್ಲಿ ರಸ್ತೆಗೆ ಮರ ಬಿದ್ದರೆ ಆಸ್ಪತ್ರೆ ಎಷ್ಟು ದೂರವಾಗುತ್ತದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮಿಡಾಜೋಲಾಮ್ ಸ್ಪ್ರೇ ಅಂಥ ಮನೆಗಳಿಗೆ ದೊಡ್ಡ ಆಸರೆ. ಬಾಟಲಿಯೊಳಗೆ ಈ ಮದ್ದನ್ನು ಹುಳಿಯಾದ ದ್ರವದಲ್ಲಿ ಕರಗಿಸಿಟ್ಟಿರುತ್ತಾರೆ. ಮೈಯ ದ್ರವಕ್ಕೆ ಬಿದ್ದೊಡನೆ ಅದರ ಅಣುವಿನ ರೂಪ ಬದಲಾಗಿ ಕೊಬ್ಬಿನಲ್ಲಿ ಕರಗುವಂಥದಾಗುತ್ತದೆ, ಜೀವಕೋಶಗಳ ಪೊರೆಯನ್ನು ಸಲೀಸಾಗಿ ದಾಟಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಆ ಹುಳಿಯ ಕಾರಣದಿಂದ ಮೂಗು ಉರಿದು ಕಣ್ಣಲ್ಲಿ ನೀರು ಬರುವುದು ಸಹಜ.

ಫಿಟ್ಸ್ ಬಂದೊಡನೆ ಗಡಿಯಾರ ನೋಡಿ. ವೈದ್ಯರು ಬರೆದುಕೊಟ್ಟ ಹೊತ್ತಿಗೆ, ಸಾಮಾನ್ಯವಾಗಿ ಐದು ನಿಮಿಷ ಮೀರಿದರೆ, ಸ್ಪ್ರೇ ಕೊಡಬೇಕು. ಮೂಗಿನಲ್ಲಿ ಸಿಂಬಳವೋ ನೊರೆಯೋ ಇದ್ದರೆ ಬಟ್ಟೆಯಿಂದ ಒರೆಸಿ, ತಲೆಯನ್ನು ಒಂದು ಕೈಯಿಂದ ಹಿಡಿದುಕೊಂಡು, ಹೇಳಿದಷ್ಟು ಒತ್ತುಗಳನ್ನು ಎರಡೂ ಹೊಳ್ಳೆಗೆ ಸಮನಾಗಿ ಹಂಚಿ. ಒಂದೇ ಹೊಳ್ಳೆಗೆ ಹಾಕಿದರೆ ಅರ್ಧ ಪಾಲು ಗಂಟಲಿಗೆ ಹೋಗುತ್ತದೆ. ಹಂಚಿದಾಗ ಹೀರಿಕೊಳ್ಳುವ ಜಾಗ ಇಮ್ಮಡಿಯಾಗುತ್ತದೆ. ಮಗು ಉಸಿರೆಳೆದುಕೊಳ್ಳಬೇಕೆಂದಿಲ್ಲ. ಕೊಟ್ಟ ಮೇಲೆ ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆ ಮಾಡಿ, ಎದೆ ಏರಿಳಿಯುತ್ತಿರುವುದನ್ನು ನೋಡುತ್ತಲೇ ಇರಿ. ಮಂಪರು ಬರುತ್ತದೆ; ಆದರೆ ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಇನ್ನೈದು ನಿಮಿಷಕ್ಕೂ ನಿಲ್ಲದಿದ್ದರೆ ಹೇಗಾದರೂ ಆಸ್ಪತ್ರೆ ತಲುಪಲೇಬೇಕು. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಇವೆಲ್ಲ ಹೊತ್ತು ಕಳೆಯುವ ಕೆಲಸಗಳು. ಎಲ್ಲ ಬಾಟಲಿಗಳ ಶಕ್ತಿಯೂ ಒಂದೇ ಅಲ್ಲದ ಕಾರಣ ಹೊಸ ಬಾಟಲಿ ಕೊಂಡಾಗಲೆಲ್ಲ ಒಂದು ಒತ್ತಿಗೆ ಎಷ್ಟು ಮಿಲಿಗ್ರಾಂ ಎಂದು ಓದಿ, ಎಷ್ಟು ಒತ್ತಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಂಡು ಆ ಚೀಟಿಯನ್ನು ಬಾಟಲಿಗೇ ಅಂಟಿಸಿಡಿ.

ತಯಾರಕರು ಬೆರೆಸುವುದು, ನಾವು ಬೆರೆಸಬಾರದ್ದು

ಅಣು ಚಿಕ್ಕದಾಗಿದ್ದು ಕೊಬ್ಬಿನಲ್ಲಿ ಕರಗುವಂತಿದ್ದರೆ ಮೂಗಿನ ಪೊರೆ ಅದನ್ನು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಇದಕ್ಕೆ ನಮ್ಮ ಅಜ್ಜಂದಿರ ನಶ್ಯದ ಡಬ್ಬಿಗಿಂತ ಒಳ್ಳೆಯ ಉದಾಹರಣೆ ಬೇಡ. ಹೊಗೆಸೊಪ್ಪಿನ ಪುಡಿಗೆ ಚಿಟಿಕೆ ಸುಣ್ಣ ಬೆರೆಸುತ್ತಿದ್ದುದು ಸುಮ್ಮನೆ ಅಲ್ಲ: ಕ್ಷಾರ ಸೇರಿದಾಗ ನಿಕೋಟಿನ್ ವಿದ್ಯುದಂಶ ಕಳಚಿಕೊಂಡು ಪೊರೆಯನ್ನು ಬೇಗ ದಾಟುತ್ತದೆ, ಏಟು ಕೂಡಲೇ ತಲೆಗೇರುತ್ತದೆ. ಔಷಧ ತಯಾರಕರು ಮಾಡುವುದೂ ಇದೇ ಜಾತಿಯ ಕೆಲಸ, ಆದರೆ ಪೊರೆಗೆ ಗಾಯವಾಗದಂತೆ ಅಳೆದು ತೂಗಿ.

ಸೀಗಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಲೋಳೆಗೆ ಅಂಟಿಕೊಂಡು ಮದ್ದನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಜೊತೆಗೆ ಜೀವಕೋಶಗಳ ನಡುವಿನ ಬಿಗಿ ಬೆಸುಗೆಯನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ. ನೀರಿನಲ್ಲಿ ಕರಗದ ಮದ್ದನ್ನು ಸೈಕ್ಲೋಡೆಕ್ಸ್‌ಟ್ರಿನ್ ತನ್ನ ಬಟ್ಟಲಿನಂಥ ಅಣುವಿನೊಳಗೆ ಕೂರಿಸಿಕೊಂಡು ತರುತ್ತದೆ. ಡೊಡೆಸೈಲ್ ಮಾಲ್ಟೋಸೈಡ್ ಎಂಬ, ಸಕ್ಕರೆಯ ತಲೆಯೂ ಕೊಬ್ಬಿನ ಬಾಲವೂ ಇರುವ ಸೋಪಿನಂಥ ವಸ್ತುವನ್ನು ಅಮೆರಿಕದಲ್ಲಿ 2020ರ ಜನವರಿಯಲ್ಲಿ ಒಪ್ಪಿಗೆ ಪಡೆದ ಡಯಾಜೆಪಾಮ್ ಸ್ಪ್ರೇಯಲ್ಲೂ, 2024ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಅಡ್ರಿನಲಿನ್ ಸ್ಪ್ರೇಯಲ್ಲೂ ಬಳಸಿದ್ದಾರೆ. ಇಷ್ಟೆಲ್ಲ ಮಾಡಿದರೂ ಆ ಅಡ್ರಿನಲಿನ್‌ನ ಮೂಗಿನ ಡೋಸು 2 ಮಿಲಿಗ್ರಾಂ, ದೊಡ್ಡವರ ಚುಚ್ಚುಮದ್ದಿನದು 0.3 ಮಿಲಿಗ್ರಾಂ ಎಂಬುದನ್ನು ನೋಡಿದರೆ ಮೂಗು ಎಷ್ಟನ್ನು ತಡೆದು ಸಾಗಹಾಕುತ್ತದೆಂದು ತಿಳಿಯುತ್ತದೆ. ಒಂಬತ್ತು ಅಮೈನೋ ಆಮ್ಲಗಳ ಡೆಸ್ಮೋಪ್ರೆಸಿನ್ ಸಹ ಮೂಗಿನಿಂದ ಸೇರುವುದು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಅಷ್ಟು ಸಣ್ಣ ಪಾಲನ್ನು ನೆಚ್ಚಿರುವಾಗ ಒಂದು ನೆಗಡಿಯೂ ಲೆಕ್ಕ ತಪ್ಪಿಸಬಲ್ಲದು. ಈ ಬಗೆಯ ಮದ್ದಿನವರು ನೆಗಡಿಯಾದಾಗ ತಾವೇ ಡೋಸು ಹೆಚ್ಚಿಸದೆ ವೈದ್ಯರಿಗೆ ಹೇಳಬೇಕು.

ಮನೆಯಲ್ಲಿ ನಾವು ಮದ್ದಿನ ಜೊತೆಗೆ ಏನನ್ನೂ ಸೇರಿಸಬಾರದು. ಸ್ಪ್ರೇಗೆ ಮುಂಚೆ ತುಪ್ಪವೋ ಎಣ್ಣೆಯೋ ಸವರಿಕೊಂಡರೆ ಮದ್ದು ಪೊರೆಯನ್ನು ಮುಟ್ಟುವುದೇ ಇಲ್ಲ. ಆಯುರ್ವೇದದ ನಸ್ಯ ಮಾಡಿಸಿಕೊಳ್ಳುವವರು ಅದನ್ನೂ ಇದನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಳ್ಳುವಂತೆ ಇಬ್ಬರು ವೈದ್ಯರಿಗೂ ತಿಳಿಸಿರಬೇಕು. ನೀಲಗಿರಿ ಎಣ್ಣೆ, ಕರ್ಪೂರವನ್ನು ಹೊಳ್ಳೆಯೊಳಗೆ ಹಚ್ಚಿದಾಗ ಆಗುವ ತಂಪು ಮೂಗು ತೆರೆದಂತೆ ಭ್ರಮೆ ಹುಟ್ಟಿಸುತ್ತದೆ, ಊತ ಇಳಿಸುವುದಿಲ್ಲ. ಚಿಕ್ಕ ಮಕ್ಕಳಿಗಂತೂ ಅದು ಅಪಾಯಕಾರಿ.

ಅಂಗಡಿಗೆ ಬರದೆ ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳೂ ಇವೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿ ರಕ್ತವೋ ದುರ್ವಾಸನೆಯ ಸಿಂಬಳವೋ ಬರುತ್ತಿದ್ದರೆ, ತಲೆಗೆ ಪೆಟ್ಟಾದ ಮೇಲೆ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ, ಸ್ಪ್ರೇ ಆರಂಭಿಸಿದ ಮೇಲೆ ಪದೇಪದೇ ರಕ್ತ ಕಾಣಿಸಿಕೊಂಡರೆ ಕಾಯುತ್ತ ಕೂರಬೇಡಿ.

ಕೊನೆಗೆ ನಳಿಕೆ. ವಾರಕ್ಕೊಮ್ಮೆ ಅದನ್ನು ಬಿಚ್ಚಿ ಬೆಚ್ಚನೆಯ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಜೋಡಿಸಬೇಕು. ನಮ್ಮ ಮಳೆಗಾಲದಲ್ಲಿ ತೇವವಿದ್ದಂತೆಯೇ ಮುಚ್ಚಳ ಹಾಕಿದರೆ ಅದಕ್ಕೂ ಬೂಷ್ಟು ಬರುತ್ತದೆ. ತುದಿ ಕಟ್ಟಿದೆಯೆಂದು ಸೂಜಿಯಿಂದಲೋ ಪಿನ್ನಿನಿಂದಲೋ ಚುಚ್ಚಬೇಡಿ, ಕಿಂಡಿ ದೊಡ್ಡದಾದರೆ ಮಂಜು ಧಾರೆಯಾಗುತ್ತದೆ, ಅಳತೆಯೂ ಕೆಡುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆ ಬಾಲ್‌ಪೆನ್ನಿನಿಂದ ಬರೆದಿಡಿ, ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆದ ಮೇಲೆ ಒಳಗೆ ಮದ್ದು ಉಳಿದಿದ್ದರೂ ಎಸೆದುಬಿಡಿ. ಮುಂದಿನ ಬಾಟಲಿ ಕೊಳ್ಳಲು ಬಂದಾಗ ನಿಮ್ಮ ಊರಿನ ಔಷಧದಂಗಡಿಯವರ ಎದುರೇ ಒಮ್ಮೆ ಹಾಕಿಕೊಂಡು ತೋರಿಸಿ. ಕೈ ಅಡ್ಡ ಬಂದಿದೆಯೇ, ಕತ್ತು ಮುಂದಿದೆಯೇ ಎಂದು ನೋಡಿ ಹೇಳಲು ಅವರಿಗೆ ಅರ್ಧ ನಿಮಿಷ ಸಾಕು.